ಸಾಲಿನ ಕೊನೆಯಲ್ಲಿ ನಿಂತವರು: ಸಮುದಾಯ ಹಾಕಿ ತರಬೇತಿಯಲ್ಲಿ ಒಬ್ಬ ವಿದ್ಯಾರ್ಥಿನಿಯ ಎಂಟು ವಾರಗಳು

ಈ ಪ್ರಕರಣ ದಕ್ಷಿಣ ಕೊಡಗಿನ ಒಂದು ಗ್ರಾಮ ಪಂಚಾಯಿತಿ ಮೈದಾನದಲ್ಲಿ ನಡೆದದ್ದು. ವಿದ್ಯಾರ್ಥಿನಿಯ ಹೆಸರು, ಊರು, ಕ್ರೀಡಾ ಸಂಘ, ತೋಟ ಯಾವುದನ್ನೂ ಇಲ್ಲಿ ಹೇಳಿಲ್ಲ; ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಾಯಿಸಿದ್ದೇನೆ. ವಿದ್ಯಾರ್ಥಿನಿ ಈ ಬರಹವನ್ನು ಓದಿ ಒಪ್ಪಿಗೆ ಕೊಟ್ಟ ನಂತರವೇ ಇದನ್ನು ಹಂಚಿಕೊಳ್ಳುತ್ತಿದ್ದೇನೆ. ನಾನು ಆಕೆಯ ಕಾಲೇಜಿನ ಕಡೆಯಿಂದ ಮೇಲ್ವಿಚಾರಣೆಗೆ ನೇಮಕವಾಗಿದ್ದ ಅಧ್ಯಾಪಕ. ಇಲ್ಲಿ ನಡೆದ ತಪ್ಪುಗಳಲ್ಲಿ ನನ್ನ ಪಾಲೂ ಇದೆ, ಅದನ್ನು ಬಿಟ್ಟು ಬರೆದರೆ ಪ್ರಕರಣ ಅರ್ಧವಾಗುತ್ತದೆ.

ಹಿನ್ನೆಲೆ

ವಿದ್ಯಾರ್ಥಿನಿ ದೈಹಿಕ ಶಿಕ್ಷಣ ಪದವಿ ಬಿ.ಪಿ.ಎಡ್.ನ ಎರಡನೇ ವರ್ಷದಲ್ಲಿದ್ದಳು. ಶಾಲಾ ದಿನಗಳಲ್ಲಿ ಕ್ರೀಡಾ ನಿಲಯದಲ್ಲಿದ್ದು ರಾಜ್ಯ ಮಟ್ಟದಲ್ಲಿ ಹಾಕಿ ಆಡಿದವಳು, ಮಾತು ಕಡಿಮೆ, ಕೆಲಸದಲ್ಲಿ ಚುರುಕು. ಕಾರ್ಯಾನುಭವಕ್ಕಾಗಿ ಡಿಸೆಂಬರ್ ಮೊದಲ ವಾರದಿಂದ ಜನವರಿ ಕೊನೆಯವರೆಗೆ ಎಂಟು ವಾರ, 9ರಿಂದ 14 ವರ್ಷದ ಮಕ್ಕಳಿಗೆ ತರಬೇತಿ ಕೊಡುವ ಹೊಣೆ ಆಕೆಯದಾಗಿತ್ತು. ಮಂಗಳವಾರ ಮತ್ತು ಗುರುವಾರ ಸಂಜೆ ನಾಲ್ಕೂವರೆಯಿಂದ ಆರರವರೆಗೆ, ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಬೆಳಿಗ್ಗೆ ಅಭ್ಯಾಸವೆಂದು ಸ್ಥಳೀಯ ಕ್ರೀಡಾ ಸಂಘ ನಿಗದಿ ಮಾಡಿತ್ತು.

ಹಾಕಿ ಕೊಡಗಿನಲ್ಲಿ ಎಷ್ಟು ಆಳವಾಗಿ ಬೇರುಬಿಟ್ಟಿದೆಯೆಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. 1975ರಲ್ಲಿ ವಿಶ್ವಕಪ್ ಗೆದ್ದ ತಂಡದ ಬಿ.ಪಿ. ಗೋವಿಂದ, 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ಎಂ.ಎಂ. ಸೋಮಯ್ಯ ಇವರೆಲ್ಲ ಮನೆಮಾತು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ನಡುವಿನ ಹಾಕಿ ಪಂದ್ಯಾವಳಿ 60 ತಂಡಗಳಿಂದ ಬೆಳೆದು 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಿಗೆ ಮುಟ್ಟಿತು. ಇಂಥ ಪಂದ್ಯಾವಳಿಯ ಬಲದಿಂದಾಗಿ ಆ ಮನೆಗಳ ಮಗು ನಡೆಯಲು ಕಲಿತ ಕೆಲವೇ ವರ್ಷಗಳಲ್ಲಿ ಅಟ್ಟದ ಮೇಲಿನ ಒಂದು ಹಳೆಯ ಸ್ಟಿಕ್ ಅದರ ಕೈಗೆ ಬರುತ್ತದೆ, ಆಟದ ನಿಯಮಗಳು ಊಟದ ಹೊತ್ತಿನ ಮಾತಿನಲ್ಲೇ ಕಿವಿಗೆ ಬೀಳುತ್ತವೆ. ಆದರೆ ಅದೇ ಊರಿನ ಸರ್ಕಾರಿ ಶಾಲೆಯಲ್ಲಿ ಅದೇ ಬೆಂಚಿನಲ್ಲಿ ಕೂರುವ ಲೈನ್‌ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಮಗುವಿಗಾಗಲಿ ಹಾಡಿಯ (ಬುಡಕಟ್ಟು ಜನರ ವಸತಿ) ಮಗುವಿಗಾಗಲಿ ಆ ಅಟ್ಟವೂ ಇಲ್ಲ, ಆ ಮಾತೂ ಇಲ್ಲ. ಸಮುದಾಯ ತರಬೇತಿ ಎಂಬ ಹೆಸರಿಟ್ಟುಕೊಂಡ ಯಾವುದೇ ಕಾರ್ಯಕ್ರಮ ಕೊಡಗಿನಲ್ಲಿ ಮೊದಲು ಎದುರಿಸಬೇಕಾದ ಅಂತರ ಇದು. ಕಾರ್ಯಾನುಭವಕ್ಕೆ ಕಳುಹಿಸುವ ಮುನ್ನ ನಾವು ವಿದ್ಯಾರ್ಥಿನಿಗೆ ಇದರ ಬಗ್ಗೆ ಒಂದು ಮಾತನ್ನೂ ಹೇಳಿರಲಿಲ್ಲ.

ಮೊದಲ ದಿನ 38 ಮಕ್ಕಳು ಬಂದರು. ಅವರಲ್ಲಿ 15 ಮಂದಿ ಸುಮಾರು ಎರಡು ಕಿಲೋಮೀಟರ್ ದೂರದ ತೋಟದ ಲೈನ್‌ಮನೆಗಳವರು ಮತ್ತು ಪಕ್ಕದ ಹಾಡಿಯವರು. ಸಂಘದ ಬಳಿ 22 ಸ್ಟಿಕ್‌ಗಳಿದ್ದವು, ಹೆಚ್ಚಿನವು ದೊಡ್ಡವರು ಆಡಿ ಬಿಟ್ಟವು.

ಸಮಸ್ಯೆ

ಮೂರನೇ ವಾರದ ಕೊನೆಗೆ ಹಾಜರಾತಿ 17ಕ್ಕೆ ಇಳಿಯಿತು. ಲೈನ್‌ಮನೆ ಮತ್ತು ಹಾಡಿಯ 15 ಮಕ್ಕಳಲ್ಲಿ ಉಳಿದವರು ಇಬ್ಬರು.

ಇದು ನನ್ನ ಗಮನಕ್ಕೆ ಬಂದದ್ದು ತಡವಾಗಿ. ಎರಡನೇ ವಾರದಲ್ಲಿ ನಾನು ಮೈದಾನಕ್ಕೆ ಹೋಗಿ ಒಂದು ಗಂಟೆ ಕುಳಿತು, ಕಾಲೇಜಿನ ವೀಕ್ಷಣಾ ನಮೂನೆಯನ್ನು ತುಂಬಿ, 50ಕ್ಕೆ 43 ಅಂಕ ಕೊಟ್ಟು ಬಂದಿದ್ದೆ. ಪಾಠಯೋಜನೆ, ಧ್ವನಿ, ಪ್ರಾತ್ಯಕ್ಷಿಕೆ, ಶಿಸ್ತು, ಸಮಯಪಾಲನೆ ಎಂಬ ಐದು ಅಂಶಗಳಿದ್ದ ಆ ನಮೂನೆಯಲ್ಲಿ ಎಲ್ಲವೂ ತರಬೇತುದಾರಳ ಬಗ್ಗೆಯೇ ಇದ್ದವು. ಮಕ್ಕಳು ಏನು ಮಾಡುತ್ತಿದ್ದಾರೆ ಎಂದು ಕೇಳುವ ಒಂದು ಸಾಲೂ ಇರಲಿಲ್ಲ. ಆಕೆಯ ಯೋಜನೆ ಅಚ್ಚುಕಟ್ಟಾಗಿತ್ತು, ಸೀಟಿ ಊದಿದರೆ ಮಕ್ಕಳು ನಿಲ್ಲುತ್ತಿದ್ದರು, ಸಾಲುಗಳು ನೇರವಾಗಿದ್ದವು. ಆ ನೇರವಾದ ಸಾಲುಗಳೇ ಸಮಸ್ಯೆಯೆಂದು ನನಗೆ ಆಗ ಕಾಣಲಿಲ್ಲ.

ಮೊದಲು ಮಾಡಿದ ಪ್ರಯತ್ನಗಳು

ಮಕ್ಕಳು ಕಡಿಮೆಯಾದಾಗ ವಿದ್ಯಾರ್ಥಿನಿ ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿದಳು. ಹಾಜರಿ ಪುಸ್ತಕ ಇಟ್ಟು, ತಡವಾಗಿ ಬಂದವರ ಹೆಸರಿನ ಮುಂದೆ ಕೆಂಪು ಗೆರೆ ಎಳೆದಳು. ತಡವಾದವರಿಗೆ ಮೈದಾನದ ಸುತ್ತ ಎರಡು ಸುತ್ತು ಓಟ. ಶೂ ಇಲ್ಲದೆ ಬಂದವರಿಗೆ ಆಟವಿಲ್ಲ. ಈ ಕೊನೆಯ ನಿಯಮಕ್ಕೆ ಸರಿಯಾದ ಕಾರಣವೇ ಇತ್ತು: ಹಾಕಿ ಚೆಂಡು 156ರಿಂದ 163 ಗ್ರಾಂ ತೂಗುವ ಗಟ್ಟಿ ವಸ್ತು, ಮಣ್ಣಿನ ಮೈದಾನದಲ್ಲಿ ಅದು ಯಾವ ಕಡೆಗೆ ಪುಟಿಯುತ್ತದೆಂದು ಹೇಳಲಾಗದು, ಬರಿಗಾಲಿನ ಮೇಲೆ ಬಿದ್ದರೆ ಬೆರಳು ಮುರಿಯಬಹುದು. ಆಕೆ ಕಲಿತ ಕ್ರೀಡಾ ನಿಲಯದಲ್ಲಿ ಈ ಮೂರೂ ನಿಯಮಗಳಿದ್ದವು. ಆದರೆ ಅಲ್ಲಿ ಹಾಸಿಗೆಯಿಂದ ಮೈದಾನಕ್ಕೆ ನೂರು ಹೆಜ್ಜೆ, ಶೂ ಕೊಡುವುದೂ ನಿಲಯವೇ.

ಹಾಜರಾತಿ ಮತ್ತಷ್ಟು ಇಳಿಯಿತು. ಆಮೇಲೆ ಬಹುಮಾನದ ಆಸೆ ತೋರಿಸಿದಳು. ತಿಂಗಳು ಪೂರ್ತಿ ಬಂದವರಿಗೆ ಟೀ ಶರ್ಟ್ ಎಂದು ಸಂಘದವರೂ ಒಪ್ಪಿದರು. ಮೊದಲಿಂದಲೂ ತಪ್ಪದೆ ಬರುತ್ತಿದ್ದವರಿಗೆ ಅದರಿಂದ ಖುಷಿಯಾಯಿತೇ ಹೊರತು, ಬಿಟ್ಟುಹೋದವರಲ್ಲಿ ಒಬ್ಬರೂ ಮರಳಲಿಲ್ಲ.

ಸಂಘದ ಕಾರ್ಯದರ್ಶಿಯವರಿಗೆ ಇದರಲ್ಲಿ ಚಿಂತೆ ಪಡುವಂಥದ್ದೇನೂ ಕಾಣಲಿಲ್ಲ. ಗಣರಾಜ್ಯೋತ್ಸವದ ಹೊತ್ತಿಗೆ ನೆರೆಯ ಊರಿನಲ್ಲಿ ನಡೆಯುವ ಮಕ್ಕಳ ಪಂದ್ಯಕ್ಕೆ ಒಂದು ತಂಡ ಸಿದ್ಧವಾಗಬೇಕೆಂಬುದು ಅವರ ಆಸೆ. "ಹದಿನೇಳು ಜನ ಇದ್ದಾರಲ್ಲಮ್ಮ, ಹನ್ನೊಂದು ಆಡ್ತಾರೆ, ಆರು ಮೀಸಲು. ಆಸಕ್ತಿ ಇರುವವರು ಹೇಗಾದರೂ ಬರ್ತಾರೆ. ನಮ್ಮ ಸೋಮವಾರಪೇಟೆಯ ಸುನಿಲ್ ಬಿದಿರಿನ ಕೋಲಿನಲ್ಲಿ ಆಡಿಕೊಂಡು ಬಂದವರಲ್ಲವಾ?" ಎಂದು ಅವರು ವಿದ್ಯಾರ್ಥಿನಿಗೆ ಹೇಳಿದರು. ಎಸ್.ವಿ. ಸುನಿಲ್ ಬಾಲ್ಯದಲ್ಲಿ ಬಿದಿರಿನ ಕೋಲಿನಿಂದ ಆಟ ಕಲಿತು ಭಾರತ ತಂಡಕ್ಕೆ ಏರಿದ್ದು ನಿಜ, ಆ ಸಾಧನೆಗೆ ಎಷ್ಟು ಗೌರವ ತೋರಿದರೂ ಸಾಲದು. ಆದರೆ ಅಂಥ ಒಬ್ಬರ ಗೆಲುವನ್ನು ತೋರಿಸಿ ಹದಿಮೂರು ಮಕ್ಕಳಿಗೆ ಆಸಕ್ತಿ ಇಲ್ಲವೆಂದು ತೀರ್ಮಾನಿಸುವುದನ್ನು ನಾನು ಒಪ್ಪಲಾರೆ. ಕಾರ್ಯದರ್ಶಿಯವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ವರ್ಷಗಟ್ಟಲೆ ಸ್ವಂತ ಹಣ ಹಾಕಿ ಆ ಮೈದಾನವನ್ನು ಉಳಿಸಿದವರು ಅವರು.

ಮೊದಲ ತಿರುವು: ಎಣಿಸಿದ ದಿನ

ನಾಲ್ಕನೇ ವಾರದಲ್ಲಿ ವಿದ್ಯಾರ್ಥಿನಿ ನನಗೆ ಫೋನ್ ಮಾಡಿ, ಬೇರೆ ಕಡೆ ಹಾಕಿಕೊಡಬಹುದೇ ಎಂದು ಕೇಳಿದಳು. ತನ್ನಿಂದ ಆಗುತ್ತಿಲ್ಲ ಎಂಬುದು ಆಕೆಯ ಮಾತಿನ ಸಾರ. ಮರುದಿನ ನಾನು ಹೋದೆ. ಆ ದಿನ ಆಕೆ ತರಬೇತಿ ಕೊಡುವುದು ಬೇಡ, ಒಂದು ನೋಟ್‌ಬುಕ್ ಹಿಡಿದು ಮೈದಾನದ ಅಂಚಿನಲ್ಲಿ ಕೂರಲಿ ಎಂದು ಇಬ್ಬರೂ ಒಪ್ಪಿದೆವು. ಆಕೆಯದೇ ಯೋಜನೆಯನ್ನು ಒಂದಕ್ಷರವೂ ಬದಲಿಸದೆ ಸಂಘದ ಹಿರಿಯ ಹುಡುಗನೊಬ್ಬ, ಪಿಯುಸಿ ಓದುತ್ತಿದ್ದವನು, ನಡೆಸಿಕೊಟ್ಟ. ವಿದ್ಯಾರ್ಥಿನಿ ಮೂವರು ಮಕ್ಕಳನ್ನು ಆರಿಸಿಕೊಂಡು ಅವರ ಸ್ಟಿಕ್ ಚೆಂಡಿಗೆ ತಗಲಿದ್ದನ್ನು ಮಾತ್ರ ಗೀಟು ಹಾಕಿ ಎಣಿಸಬೇಕು, ಸಾಲಿನಲ್ಲಿ ನಿಂತ ಹೊತ್ತನ್ನು ನಾನು ಗಡಿಯಾರ ನೋಡಿ ಬರೆಯಬೇಕು.

75 ನಿಮಿಷಗಳಲ್ಲಿ ಸ್ವಂತ ಸ್ಟಿಕ್ ಇದ್ದ ಹುಡುಗ ಚೆಂಡನ್ನು 142 ಸಲ ಮುಟ್ಟಿದ್ದ. ಸಾಧಾರಣವಾಗಿ ಆಡುವ ಇನ್ನೊಬ್ಬ ಹುಡುಗ 51 ಸಲ. ಲೈನ್‌ಮನೆಯಿಂದ ಇನ್ನೂ ಬರುತ್ತಿದ್ದ ಇಬ್ಬರಲ್ಲಿ ಒಬ್ಬಳಾದ ಹತ್ತು ವರ್ಷದ ಹುಡುಗಿ 9 ಸಲ. ಆಕೆ 46 ನಿಮಿಷ ಸಾಲಿನಲ್ಲಿ ನಿಂತಿದ್ದಳು. ತಪ್ಪಿದವರು ಹೊರಗೆ ಎಂಬ ಆಟವೊಂದು ಯೋಜನೆಯ ಕೊನೆಯಲ್ಲಿತ್ತು. ಅದರಲ್ಲಿ ಆ ಹುಡುಗಿ ಮೊದಲ ಸುತ್ತಿಗೇ ಹೊರಬಿದ್ದು, ಉಳಿದ ಹೊತ್ತೆಲ್ಲ ಸಿಲ್ವರ್ ಮರದ ಬುಡದಲ್ಲಿ ಕುಳಿತಳು. ಯಾರಿಗೆ ಅಭ್ಯಾಸ ಹೆಚ್ಚು ಬೇಕೋ ಅವರನ್ನೇ ಮೊದಲು ಕೂರಿಸುವ ಆಟ ಅದು. ಆ ಆಟವನ್ನು ನಾನೇ ತರಗತಿಯಲ್ಲಿ ಕಲಿಸಿದ್ದೆ.

ಇನ್ನೊಂದು ವಿಷಯವೂ ಆ ದಿನ ಕಣ್ಣಿಗೆ ಬಿತ್ತು. ಹುಡುಗಿಯ ಕೈಯಲ್ಲಿದ್ದ ಸ್ಟಿಕ್ ಅವಳ ಎದೆಯ ಮಟ್ಟಕ್ಕೆ ಬರುತ್ತಿತ್ತು. ಮಗು ನೆಟ್ಟಗೆ ನಿಂತಾಗ ಸ್ಟಿಕ್ಕಿನ ತುದಿ ಸೊಂಟದ ಮೂಳೆಯ ಆಸುಪಾಸಿಗೆ ಬರಬೇಕೆಂಬುದು ಸಾಮಾನ್ಯ ಲೆಕ್ಕ. ಅದಕ್ಕಿಂತ ತೀರ ಉದ್ದವಾದರೆ ಮಗು ಬಾಗಲಾಗದೆ ನೆಟ್ಟಗೆ ನಿಂತು ತೋಳಿನ ಬಲದಿಂದಲೇ ದೂಡುತ್ತದೆ, ಚೆಂಡು ಸ್ಟಿಕ್ಕಿನಿಂದ ದೂರ ಓಡುತ್ತದೆ, ಮಗುವಿಗೆ ಆಟ ಬರುವುದಿಲ್ಲವೆಂದು ನೋಡುವವರು ತಿಳಿಯುತ್ತಾರೆ. "ಬಾಗು, ಬಾಗು" ಎಂದು ವಿದ್ಯಾರ್ಥಿನಿ ಮೂರು ವಾರ ಕೂಗಿದ್ದಳು.

ನೋಟ್‌ಬುಕ್ ಮುಚ್ಚಿದ ಮೇಲೆ ಆಕೆ ಬಹಳ ಹೊತ್ತು ಮಾತಾಡಲಿಲ್ಲ. ನಂತರ ಕೇಳಿದ್ದು ಒಂದೇ ಪ್ರಶ್ನೆ: "ಸರ್, ಬಿಟ್ಟುಹೋದವರು ಎಷ್ಟು ಸಲ ಮುಟ್ಟಿರಬಹುದು?" ಬೇರೆ ಕಡೆಗೆ ಹಾಕಿಕೊಡುವ ಮಾತು ಅಲ್ಲಿಗೆ ನಿಂತಿತು.

ಎರಡನೇ ತಿರುವು: ಲೈನ್‌ಮನೆಗೆ ಹೋದದ್ದು

ಮುಂದಿನ ಭಾನುವಾರ ಮಧ್ಯಾಹ್ನ ತೋಟದ ಮಾಲೀಕರ ಅನುಮತಿ ಪಡೆದು, ಅಂಗನವಾಡಿ ಕಾರ್ಯಕರ್ತೆಯವರನ್ನು ಜೊತೆಗೆ ಕರೆದುಕೊಂಡು ವಿದ್ಯಾರ್ಥಿನಿ ಲೈನ್‌ಮನೆಗಳಿಗೆ ಹೋದಳು. ಅಂಗನವಾಡಿ ಅಕ್ಕನನ್ನು ಕರೆದೊಯ್ಯುವ ನಿರ್ಧಾರ ಆಕೆಯದೇ, ಮತ್ತು ಇಡೀ ಪ್ರಕರಣದಲ್ಲಿ ಅತ್ಯಂತ ಸರಿಯಾದ ನಿರ್ಧಾರವೆಂದು ನಾನು ಭಾವಿಸುತ್ತೇನೆ. ಪರಿಚಯವಿಲ್ಲದ ಹುಡುಗಿಯೊಬ್ಬಳು ಬಾಗಿಲಿಗೆ ಬಂದು ನಿಮ್ಮ ಮಗು ಯಾಕೆ ಬರುತ್ತಿಲ್ಲ ಎಂದು ಕೇಳಿದ್ದರೆ ತಾಯಂದಿರು "ಕಳಿಸ್ತೀವಿ ಮಿಸ್" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ಆ ಮನೆಗಳ ಪ್ರತಿ ಮಗುವಿನ ತೂಕ ಬಲ್ಲ ಹೆಂಗಸು ಜೊತೆಗಿದ್ದುದರಿಂದ ಮಾತು ಬಂತು.

ಕಾರಣಗಳು ಮೂರು, ಒಂದರಲ್ಲೂ ಆಸಕ್ತಿಯ ಕೊರತೆ ಇರಲಿಲ್ಲ. ಮೊದಲನೆಯದು ಆನೆ. ಡಿಸೆಂಬರ್‌ನಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತದೆ. ಆರಕ್ಕೆ ಅಭ್ಯಾಸ ಬಿಟ್ಟರೆ ಮಕ್ಕಳು ತೋಟದೊಳಗಿನ ದಾರಿಯಲ್ಲಿ ಕತ್ತಲೆಯಲ್ಲಿ ನಡೆಯಬೇಕು. "ಕತ್ತಲಾದ್ರೆ ಆನೆ ಬರ್ತದೆ, ದೊಡ್ಡವರೇ ಹೋಗೋದಿಲ್ಲ, ಮಕ್ಕಳನ್ನು ಹೇಗೆ ಬಿಡೋದು?" ಎಂದು ಒಬ್ಬ ತಾಯಿ ಕೇಳಿದಾಗ ವಿದ್ಯಾರ್ಥಿನಿಯ ಬಳಿ ಉತ್ತರವಿರಲಿಲ್ಲ. ಆನೆ ಕಾಟದ ಊರಿನಲ್ಲೇ ಹುಟ್ಟಿ ಬೆಳೆದ ನಾವೆಲ್ಲ ಆ ವೇಳಾಪಟ್ಟಿಗೆ ಸಹಿ ಹಾಕಿದ್ದೆವು. ಎರಡನೆಯದು ಕಾಫಿ ಕುಯ್ಲು. ಅರೇಬಿಕಾ ಮುಗಿಯುತ್ತ ಬಂದು ರೋಬಸ್ಟಾ ಹಣ್ಣಾಗುವ ಈ ತಿಂಗಳುಗಳಲ್ಲಿ ತಂದೆ ತಾಯಿ ಇಬ್ಬರೂ ತೋಟದಲ್ಲಿರುತ್ತಾರೆ, ಕುಯ್ದ ಹಣ್ಣು ತೂಕವಾಗಿ ಲೆಕ್ಕ ಬರೆಸುವವರೆಗೆ ಬಿಡುವಿಲ್ಲ, ಅಲ್ಲಿಯವರೆಗೆ ಚಿಕ್ಕ ತಮ್ಮ ತಂಗಿಯರನ್ನು ನೋಡಿಕೊಳ್ಳುವುದು ಈ ಮಕ್ಕಳದೇ ಕೆಲಸ. ಕೆಂಪು ಗೆರೆ ಬಿದ್ದ ಹೆಸರುಗಳೆಲ್ಲ ಹೀಗೆ ತಡವಾದವರವೇ.

ಮೂರನೆಯದು ಶೂ. ಸರ್ಕಾರಿ ಶಾಲೆಯಲ್ಲಿ ವರ್ಷಕ್ಕೊಂದು ಜೊತೆ ಶೂ ಕೊಡುತ್ತಾರೆ. ಅದನ್ನು ಮೈದಾನದಲ್ಲಿ ಹರಿದುಕೊಂಡರೆ ಮುಂದಿನ ಜೂನ್‌ವರೆಗೆ ಶಾಲೆಗೆ ಬರಿಗಾಲು. ಹುಡುಗನೊಬ್ಬನಿಗೆ ತಾಯಿ ಶಾಲೆಯ ಶೂ ಹಾಕಿಕೊಂಡು ಆಡಬೇಡವೆಂದಿದ್ದಳು, ವಿದ್ಯಾರ್ಥಿನಿ ಶೂ ಇಲ್ಲದೆ ಬರಬೇಡವೆಂದಿದ್ದಳು. ಆ ಹುಡುಗ ಒಂದು ವಾರ ಬೇಲಿಯ ಆಚೆ ನಿಂತು ಆಟ ನೋಡಿ, ನಂತರ ಅದನ್ನೂ ಬಿಟ್ಟಿದ್ದ.

ಬದಲಾವಣೆ

ಐದನೇ ವಾರದಿಂದ ಎಲ್ಲವನ್ನೂ ಮರುಜೋಡಿಸಲಾಯಿತು. ವಾರದ ದಿನಗಳ ಅಭ್ಯಾಸ ಶಾಲೆ ಬಿಟ್ಟ ಕೂಡಲೇ ನಾಲ್ಕೂಕಾಲಿಗೆ ಆರಂಭವಾಗಿ ಐದು ಇಪ್ಪತ್ತಕ್ಕೆ ಮುಗಿಯುವಂತಾಯಿತು, ಮಕ್ಕಳು ಒಂದೇ ಗುಂಪಾಗಿ ಒಬ್ಬ ದೊಡ್ಡವರ ಜೊತೆ ಲೈನ್‌ಮನೆಯ ಕಡೆ ಹೊರಡಬೇಕು. ಅರಣ್ಯ ಇಲಾಖೆಯಿಂದ ಆನೆ ಓಡಾಟದ ಸಂದೇಶ ಬಂದ ದಿನ ಅಭ್ಯಾಸವೇ ಇಲ್ಲ, ಅದರ ಬಗ್ಗೆ ಚರ್ಚೆಯೂ ಇಲ್ಲ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಮಕ್ಕಳು ಮನೆಗೆ ಹೋಗಿ ಬರುವ ಬದಲು ನೇರವಾಗಿ ಮೈದಾನಕ್ಕೆ ಬಂದರು.

ಸಾಲುಗಳನ್ನು ತೆಗೆದುಹಾಕಿದಳು. ಮೈದಾನವನ್ನು ಸುಣ್ಣದ ಗೆರೆಯಿಂದ ನಾಲ್ಕು ಚಿಕ್ಕ ಅಂಕಣಗಳಾಗಿ ಮಾಡಿ, ಒಂದೊಂದರಲ್ಲಿ ನಾಲ್ಕು ಜನ ನಾಲ್ವರ ವಿರುದ್ಧ, ಗೋಲಿಗೆ ಎರಡು ಇಟ್ಟಿಗೆ. 91 ಮೀಟರ್ ಉದ್ದದ ಪೂರ್ಣ ಅಂಕಣದಲ್ಲಿ ಹನ್ನೊಂದು ಮಕ್ಕಳ ತಂಡ ಆಡಿದರೆ ಚೆಂಡು ಬಲ್ಲವರ ನಡುವೆಯೇ ಓಡಾಡುತ್ತದೆ. ನಾಲ್ವರಲ್ಲಿ ಒಬ್ಬರಾದರೆ ಬೇಡವೆಂದರೂ ಚೆಂಡು ಕಾಲ ಬುಡಕ್ಕೆ ಬರುತ್ತದೆ. ತಪ್ಪಿದವರು ಹೊರಗೆ ಹೋಗುವ ಆಟಗಳೆಲ್ಲ ನಿಂತವು.

ಸ್ಟಿಕ್ಕಿನ ವಿಷಯದಲ್ಲಿ ಊರಿನ ಬಡಗಿಯೊಬ್ಬರು ನೆರವಾದರು. ಹಳೆಯ ಮರದ ಸ್ಟಿಕ್‌ಗಳಲ್ಲಿ ಎಂಟನ್ನು ಹಿಡಿಯ ತುದಿಯಿಂದ ಕೊಯ್ದು ಚಿಕ್ಕದು ಮಾಡಿ, ಸೈಕಲ್ ಟ್ಯೂಬ್ ಸುತ್ತಿಕೊಟ್ಟರು. ಎಲ್ಲ ಸ್ಟಿಕ್‌ಗಳಿಗೂ ಬಣ್ಣದಲ್ಲಿ ಸಂಖ್ಯೆ ಬರೆದು, ಯಾರ ಎತ್ತರಕ್ಕೆ ಯಾವ ಸಂಖ್ಯೆ ಎಂದು ಒಂದು ಪಟ್ಟಿ ಮಾಡಲಾಯಿತು.

ಶೂ ಬಗ್ಗೆ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯವಿತ್ತು. ನಿಯಮವನ್ನು ಸಡಿಲಿಸಿದರೆ ಗಾಯವಾದ ದಿನ ಹೊಣೆ ಯಾರದೆಂಬುದು ನನ್ನ ಚಿಂತೆ. ಮಗುವಿಗೆ ಒಗ್ಗುವಂತೆ ಆಟವನ್ನೇ ಬದಲಿಸೋಣ ಎಂಬುದು ಆಕೆಯ ವಾದ. ಕೊನೆಗೆ ಆಕೆ ಹೇಳಿದಂತೆಯೇ ಆಯಿತು: ಎರಡು ಅಂಕಣಗಳಲ್ಲಿ ಟೆನಿಸ್ ಚೆಂಡು ಮಾತ್ರ, ಪುಷ್ (ಚೆಂಡನ್ನು ದೂಡುವುದು) ಮಾತ್ರ, ಹಿಟ್ (ಬೀಸಿ ಹೊಡೆಯುವುದು) ಇಲ್ಲ, ಸ್ಟಿಕ್ ಮೊಣಕಾಲಿನ ಮೇಲೆ ಏಳಬಾರದು. ಅಲ್ಲಿ ಬರಿಗಾಲಿನವರೂ ಆಡಬಹುದು, ಶೂ ಇದ್ದವರೂ ಬಿಚ್ಚಿಟ್ಟು ಆಡಬಹುದು. ಆರಂಭಕ್ಕೆ ಮುನ್ನ ಆ ಜಾಗದಲ್ಲಿ ಗಾಜು, ಮುಳ್ಳು ಹೆಕ್ಕುವ ಕೆಲಸ ಎಲ್ಲರದ್ದು. ಗಟ್ಟಿ ಚೆಂಡಿನ ಅಂಕಣಕ್ಕೆ ಶೂ ಮತ್ತು ಮೊಣಕಾಲ ಕೆಳಗಿನ ಗಾರ್ಡ್ ಕಡ್ಡಾಯ. ಕಾಲೇಜಿನ ಹಳೆಯ ವಿದ್ಯಾರ್ಥಿಗಳಿಂದ ಕ್ಯಾನ್ವಾಸ್ ಶೂಗಳನ್ನು ಸಂಗ್ರಹಿಸಿ ಮೈದಾನದಲ್ಲೇ ಇಟ್ಟೆವು. ಅವು ಯಾರ ಮನೆಗೂ ಹೋಗುವುದಿಲ್ಲ, ಹೀಗಾಗಿ ಯಾರಿಗೂ ದಾನ ಪಡೆದ ಮುಜುಗರವಿಲ್ಲ.

ತಮ್ಮ ತಂಗಿಯರನ್ನೂ ಕರೆತರಬಹುದೆಂದು ಹೇಳಿದಾಗ ಒಂಬತ್ತು ಪುಟ್ಟ ಮಕ್ಕಳು ಬಂದರು. ಅವರಿಗೊಂದು ಮೂಲೆ, ಹಗ್ಗ, ನಾಲ್ಕು ಟೆನಿಸ್ ಚೆಂಡು. ಅಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಸರದಿಯಂತೆ ಇಬ್ಬರು ಕಾವಲಿರಬೇಕು. ಮೊದಲ ದಿನ ಸರದಿಗೆ ಎದ್ದವರೆಲ್ಲ ಹುಡುಗಿಯರೇ. ವಿದ್ಯಾರ್ಥಿನಿ ಅದನ್ನು ತಕ್ಷಣ ಗುರುತಿಸಿ, ಸರದಿಯನ್ನು ಸ್ಟಿಕ್ಕಿನ ಸಂಖ್ಯೆಯ ಮೇಲೆ ಹಾಕಿದಳು, ಹುಡುಗರಿಗೂ ತಪ್ಪಲಿಲ್ಲ. ಹುಡುಗಿಯರಿಗೆ ಶೌಚಾಲಯವಿಲ್ಲದಿದ್ದುದನ್ನು ಅಂಗನವಾಡಿಯ ಬೀಗದ ಕೈ ಪಡೆದು ಪರಿಹರಿಸಲಾಯಿತು. ಇದನ್ನು ನಾಲ್ಕು ವಾರ ಯಾರೂ ಕೇಳಿರಲೂ ಇಲ್ಲ.

ಏನಾಯಿತು

ಕೊನೆಯ ವಾರದಲ್ಲಿ 29 ಮಕ್ಕಳಿದ್ದರು. ಲೈನ್‌ಮನೆ ಮತ್ತು ಹಾಡಿಯ 15ರಲ್ಲಿ 12 ಮಂದಿ ಆಡುತ್ತಿದ್ದರು. ಮರಳದ ಮೂವರಲ್ಲಿ ಇಬ್ಬರ ಕುಟುಂಬಗಳು ಬೇರೆ ತೋಟಕ್ಕೆ ಹೋದವು. ಮೂರನೆಯವಳು ಹದಿನಾಲ್ಕು ವರ್ಷದ ಹುಡುಗಿ. ದೊಡ್ಡವಳಾದಳು, ಇನ್ನು ಮೈದಾನ ಬೇಡ ಎಂದು ಮನೆಯವರು ನಿರ್ಧರಿಸಿದ್ದರು. ವಿದ್ಯಾರ್ಥಿನಿ ಎರಡು ಸಲ ಹೋಗಿ ಕೇಳಿದಳು, ಒಪ್ಪಲಿಲ್ಲ. ಎಂಟು ವಾರಗಳಲ್ಲಿ ಆಕೆ ಅತ್ತದ್ದು ಆ ಮನೆಯಿಂದ ಹಿಂದಿರುಗಿದ ದಿನ ಮಾತ್ರ.

ಬದಲಾವಣೆಗೆ ಬೆಲೆಯೂ ತೆರಬೇಕಾಯಿತು. ಗಣರಾಜ್ಯೋತ್ಸವದ ಪಂದ್ಯಕ್ಕೆ ಹನ್ನೊಂದು ಮಂದಿಯನ್ನು ಆರಿಸಿ ಪ್ರತ್ಯೇಕವಾಗಿ ಅಭ್ಯಾಸ ಮಾಡಿಸಲು ವಿದ್ಯಾರ್ಥಿನಿ ಒಪ್ಪಲಿಲ್ಲ. ಉಳಿದ ನಾಲ್ಕು ವಾರಗಳಲ್ಲಿ ಎರಡೂ ಕೆಲಸ ಆಗುವುದಿಲ್ಲವೆಂದು ಕಾರ್ಯದರ್ಶಿಯವರಿಗೆ ಲಿಖಿತವಾಗಿ ತಿಳಿಸಿದಳು. ತಂಡ ಹೋಗಲಿಲ್ಲ. ಅತ್ಯುತ್ತಮವಾಗಿ ಆಡುತ್ತಿದ್ದ ಇಬ್ಬರು ಹುಡುಗರು ತರಬೇತಿ ಬಿಟ್ಟು ಬೇರೆ ಕಡೆ ಸೇರಿದರು, ಅವರಲ್ಲಿ 142 ಸಲ ಚೆಂಡು ಮುಟ್ಟಿದವನೂ ಒಬ್ಬ. ಅವನ ತಂದೆ ನನಗೆ ಫೋನ್ ಮಾಡಿ, ಟೆನಿಸ್ ಚೆಂಡಿನಲ್ಲಿ ಆಡಿ ನನ್ನ ಮಗ ಏನು ಕಲಿಯಬೇಕು ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಚುರುಕಾದ ಮಕ್ಕಳಿಗೆ ಕಷ್ಟವೆನಿಸುವ ಕೆಲಸ ಕೊಡುವ ಕಡೆಗೆ ನಮ್ಮ ಗಮನ ಹೋದದ್ದು ಏಳನೇ ವಾರದಲ್ಲಿ, ಗಟ್ಟಿ ಚೆಂಡಿನ ಅಂಕಣದಲ್ಲಿ ಮೂವರು ಐವರ ವಿರುದ್ಧ ಆಡುವಂತೆ ಮಾಡಿದಾಗ. ಐದನೇ ವಾರದಲ್ಲೇ ಹಾಗೆ ಮಾಡಿದ್ದರೆ ಅವರಿಬ್ಬರೂ ಉಳಿಯುತ್ತಿದ್ದರೆಂದು ನನಗೆ ಈಗಲೂ ಅನಿಸುತ್ತದೆ.

ಎಂಟನೇ ವಾರದಲ್ಲಿ ಮತ್ತೆ ಎಣಿಸಿದೆವು. ಆ ಹತ್ತು ವರ್ಷದ ಹುಡುಗಿ 65 ನಿಮಿಷಗಳಲ್ಲಿ ಚೆಂಡನ್ನು 97 ಸಲ ಮುಟ್ಟಿದಳು, ನಿಂತದ್ದು 6 ನಿಮಿಷ. ಆಕೆಯ ಕೈಯಲ್ಲಿ ಕೊಯ್ದು ಚಿಕ್ಕದು ಮಾಡಿದ 14ನೇ ಸಂಖ್ಯೆಯ ಸ್ಟಿಕ್ ಇತ್ತು, "ಬಾಗು" ಎಂದು ಯಾರೂ ಹೇಳದೆಯೇ ಬಾಗಿದ್ದಳು. ಈ ಹೊತ್ತಿಗೆ ಮಕ್ಕಳು ವಿದ್ಯಾರ್ಥಿನಿಯನ್ನು ಮಿಸ್ ಎನ್ನುವುದನ್ನು ಬಿಟ್ಟು ಅಕ್ಕ ಎನ್ನುತ್ತಿದ್ದರು.

ಅಂಕ ಕೊಡುವಾಗ ನನಗೆ ತೊಡಕಾಯಿತು. ಹಳೆಯ ನಮೂನೆಯ ಪ್ರಕಾರ ಎಂಟನೇ ವಾರದ ಅಭ್ಯಾಸಕ್ಕೆ ಎರಡನೇ ವಾರಕ್ಕಿಂತ ಕಡಿಮೆ ಅಂಕ ಬರುತ್ತಿತ್ತು: ಗದ್ದಲವಿತ್ತು, ಸಾಲುಗಳಿರಲಿಲ್ಲ, ಯೋಜನೆಯನ್ನು ಆಕೆ ನಡುವೆಯೇ ಎರಡು ಸಲ ಬದಲಿಸಿದ್ದಳು. ನಾನು ನಮೂನೆಯ ಹಿಂಬದಿಯಲ್ಲಿ ಎರಡೂ ದಿನಗಳ ಎಣಿಕೆಯನ್ನು ಬರೆದು, ಎರಡನೇ ವಾರದಲ್ಲಿ ನಾನು ಕೊಟ್ಟ 43 ಅಂಕಗಳು ತಪ್ಪು ಅಳತೆಯವು ಎಂದು ಟಿಪ್ಪಣಿ ಸೇರಿಸಿ ವಿಭಾಗಕ್ಕೆ ಒಪ್ಪಿಸಿದೆ. ಮುಂದಿನ ತಂಡದಿಂದ ನಮೂನೆಯಲ್ಲಿ ಎರಡು ಸಾಲು ಹೆಚ್ಚಾಗಿವೆ: ಅತಿ ಕಡಿಮೆ ಆಡಿದ ಮಗು ಎಷ್ಟು ಹೊತ್ತು ನಿಂತಿತ್ತು, ಮತ್ತು ಕಳೆದ ವಾರ ಇದ್ದು ಈ ವಾರ ಇಲ್ಲದವರು ಯಾರು. ಕಾರ್ಯಾನುಭವಕ್ಕೆ ಹೊರಡುವ ಪ್ರತಿ ವಿದ್ಯಾರ್ಥಿಯೂ ಮೊದಲ ವಾರದಲ್ಲೇ ಮಕ್ಕಳು ಬರುವ ದಾರಿಯನ್ನು ಒಮ್ಮೆ ನಡೆದು ನೋಡಬೇಕೆಂದೂ ಸೇರಿಸಿದ್ದೇವೆ.

ವಿದ್ಯಾರ್ಥಿನಿ ಹೊರಡುವ ಮುನ್ನ ಪಿಯುಸಿ ಹುಡುಗನಿಗೆ ಒಂದು ನೋಟ್‌ಬುಕ್ ಒಪ್ಪಿಸಿದಳು. ಅದರಲ್ಲಿ ಅಭ್ಯಾಸದ ಪಾಠಗಳಿಗಿಂತ ಹೆಚ್ಚಾಗಿ ಇದ್ದದ್ದು ಇಂಥವು: ಯಾವ ಮಗು ಯಾರ ಜೊತೆ ಮನೆಗೆ ಹೋಗುತ್ತದೆ, ಯಾರಿಗೆ ಯಾವ ಸಂಖ್ಯೆಯ ಸ್ಟಿಕ್, ಬೀಗದ ಕೈ ಯಾರ ಬಳಿ, ಯಾರ ತಂಗಿಗೆ ಎಷ್ಟು ವಯಸ್ಸು. ನಾಲ್ಕು ದಿನದ ಅಭ್ಯಾಸ ಆಕೆ ಹೋದ ಮೇಲೆ ಎರಡಕ್ಕೆ ಇಳಿಯಿತು. ಅವನು ಪರೀಕ್ಷೆಯ ನಡುವೆಯೂ ಅದನ್ನು ಬಿಡದೆ ಜೂನ್‌ನಲ್ಲಿ ಮಳೆ ಹಿಡಿಯುವವರೆಗೆ ನಡೆಸಿದ. ಮೈದಾನದಲ್ಲಿ ನೀರು ನಿಂತ ಮೇಲೆ ಸ್ಟಿಕ್‌ಗಳನ್ನು ಒರೆಸಿ, ಎಣ್ಣೆ ಹಚ್ಚಿ, ಸಂಖ್ಯೆಯ ಪ್ರಕಾರ ಕಟ್ಟಿ, ಪಂಚಾಯಿತಿಯ ಕೋಣೆಯಲ್ಲಿ ಇಟ್ಟಿದ್ದಾನೆ. 14ನೇ ಸಂಖ್ಯೆಯದು ಮಾತ್ರ ಅಲ್ಲಿಲ್ಲ. ಕಾರ್ಯದರ್ಶಿಯವರೇ ಅದನ್ನು ಆ ಹುಡುಗಿಯ ಮನೆಗೆ ಕೊಟ್ಟು ಬಂದರಂತೆ.